ಕ್ರಯಪತ್ರವನ್ನೂ ಪಾತ್ರೆ ಪಟ್ಟಿಯನ್ನೂ ಜೊತೆಗಿಟ್ಟು ಓದಿ

ತಿಪಟೂರಿನ ಕಡೆಯ ನಿಮ್ಮ ಮುತ್ತಜ್ಜನ ಪೆಟ್ಟಿಗೆಯಿಂದ ಬಂದ ಎರಡೂ ಹಾಳೆಗಳ, ಅಂದರೆ ಜಮೀನಿನ ಕ್ರಯಪತ್ರ ಮತ್ತು ಪಾತ್ರೆಗಳ ಪಟ್ಟಿಯ, ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ನಿಮ್ಮ ಪ್ರಶ್ನೆಗಳು ಮೂರು: ಜಮೀನನ್ನು ನಿಜಕ್ಕೂ ಮೂರು ಲಕ್ಷಕ್ಕೂ ಮೀರಿದ ಬೆಲೆಗೆ ಕೊಂಡರೇ, ನೋಂದಣಿ ಕಚೇರಿಯ 1919ರ ಸೂಚಿಯಲ್ಲಿ ಪತ್ರ ಏಕೆ ಸಿಗಲಿಲ್ಲ, ಆ ಜಮೀನು ಈಗ ಎಲ್ಲಿದೆ. ಪಾತ್ರೆಗಳ ಪಟ್ಟಿ ಕೆಲಸಕ್ಕೆ ಬಾರದ್ದು ಎಂದು ಬರೆದಿದ್ದೀರಿ. ಜಮೀನಿನ ಗುರುತು ಸಿಗಬೇಕಾದರೆ ಆ ಪಟ್ಟಿಯೂ ಬೇಕು.

ಮೊದಲು ಹಣದ ವಿಷಯ. ನೀವು 340110 ಎಂದು ಓದಿದ್ದು ‘೩೪೦॥೦’. ನಡುವಿನ ಎರಡು ನೆಟ್ಟನೆಯ ಗೆರೆಗಳು ಹನ್ನೊಂದಲ್ಲ. ಹಳೆಯ ಲೆಕ್ಕದಲ್ಲಿ ಒಂದು ಗೆರೆ ಎಂದರೆ ಕಾಲು ರೂಪಾಯಿ, ಅಂದರೆ ಒಂದು ಪಾವಲಿ. ಎರಡು ಗೆರೆ ಅರ್ಧ. ಹಾಗಾಗಿ ಬೆಲೆ ಮುನ್ನೂರ ನಲವತ್ತು ರೂಪಾಯಿ ಎಂಟು ಆಣೆ. ಖಾತ್ರಿ ಬೇಕಾದರೆ ಎರಡು ಸಾಲು ಕೆಳಗೆ ಅದೇ ಮೊತ್ತವನ್ನು ಅಕ್ಷರದಲ್ಲಿ ಬರೆದಿದ್ದಾರೆ, ನೋಡಿ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಈ ಲೆಕ್ಕ 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬರುವವರೆಗೂ ನಡೆಯಿತು.

ಈಗಿನ ಬೆಲೆಯಲ್ಲಿ ಅದು ಎಷ್ಟಾಗುತ್ತದೆ ಎಂದೂ ಕೇಳಿದ್ದೀರಿ. ಅಂತಹ ಲೆಕ್ಕಗಳಲ್ಲಿ ನನಗೆ ನಂಬಿಕೆ ಕಡಿಮೆ. ಬೇಕಾದರೆ ಬೆಳ್ಳಿಯಲ್ಲಿ ಅಳೆಯಿರಿ. ಆಗಿನ ಒಂದು ರೂಪಾಯಿ ನಾಣ್ಯದ ತೂಕ ಸರಿಯಾಗಿ ಒಂದು ತೊಲ, 11.66 ಗ್ರಾಂ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 340 ನಾಣ್ಯಗಳೆಂದರೆ ಸುಮಾರು ನಾಲ್ಕು ಕಿಲೋ ತೂಕದ ಗಂಟು. ಅಷ್ಟನ್ನೂ ನಾಣ್ಯದಲ್ಲೇ ಕೊಟ್ಟಿರಬೇಕೆಂದಿಲ್ಲ. ಯುದ್ಧದಿಂದ ಬೆಳ್ಳಿಗೆ ಅಭಾವ ಬಂದು 1917ರ ಕೊನೆಗೆ ಒಂದು ರೂಪಾಯಿಯ ನೋಟು ಹೊರಬಂದಿತ್ತು.

ಇನ್ನು ತಾರೀಖು. ನೀವು ಎಡವಿದ್ದು ಇಲ್ಲಿಯೇ. ಪತ್ರದಲ್ಲಿರುವುದು ‘ಸಿದ್ಧಾರ್ಥಿ ಸಂವತ್ಸರದ ಮಾಘ ಶುದ್ಧ ಪಂಚಮಿ’. ಸಿದ್ಧಾರ್ಥಿ ಎಂದರೆ 1919 ಎಂದು ಯಾರೋ ಹೇಳಿದ್ದು ಅರ್ಧ ಸರಿ. ಸಂವತ್ಸರ ಯುಗಾದಿಗೆ ಹುಟ್ಟುತ್ತದೆ. ಮಾಘ ಬರುವ ಹೊತ್ತಿಗೆ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ. ನಿಮ್ಮ ಪತ್ರ ಬರೆದದ್ದು 1920ರ ಜನವರಿಯ ಕೊನೆಯ ವಾರದಲ್ಲಿ. ಉಪನೋಂದಣಾಧಿಕಾರಿ ಕಚೇರಿಯಲ್ಲಿ 1920ರ ಸೂಚಿ ಕೇಳಿ. ಬರೆದ ದಿನವೇ ನೋಂದಣಿ ಆಗಿರಬೇಕೆಂದೂ ಇಲ್ಲ, ಆದ್ದರಿಂದ ಆ ವರ್ಷದ ಮಧ್ಯದವರೆಗೂ ಕಣ್ಣಾಡಿಸಿ. ಅದಕ್ಕೂ ಮೊದಲು ಪತ್ರದ ಬೆನ್ನನ್ನು ತಿರುಗಿಸಿ ನೋಡಿ: ಮೊಹರಿನ ಬಳಿ ದಸ್ತಾವೇಜಿನ ನಂಬರು, ಪುಸ್ತಕ, ಸಂಪುಟ, ಪುಟ ಇರುತ್ತವೆ. ಅವು ಸಿಕ್ಕರೆ ಸೂಚಿ ಹುಡುಕುವ ಕೆಲಸವೇ ತಪ್ಪಿತು. ನೀವು ಹಾಕಿರುವುದು ಮುಂಭಾಗದ ಚಿತ್ರ ಮಾತ್ರ.

ಇದು ನಿಜವಾದ ಮಾರಾಟವೇ ಎಂಬುದನ್ನೂ ನೋಡಿದೆ. ನಮ್ಮ ಮನೆಯಲ್ಲಿ ಇಂತಹದ್ದೇ ಒಂದು ಹಾಳೆಯನ್ನು ಹಿಡಿದುಕೊಂಡು, ಹೊಳೆಯಂಚಿನ ಗದ್ದೆ ನಮ್ಮದೇ ಎಂದು ಎರಡು ವರ್ಷ ಓಡಾಡಿದ್ದೆ. ಕೊನೆಗೆ ನೋಡಿದರೆ ಅದು ಭೋಗ್ಯದ ಪತ್ರ. ಸಾಲ ತೀರಿ ಗದ್ದೆ ಎಂದೋ ಹಿಂದಕ್ಕೆ ಹೋಗಿತ್ತು. ನಿಮ್ಮದರಲ್ಲಿ ‘ಶುದ್ಧ ಕ್ರಯ’ ಎಂದೇ ಇದೆ, ಹಣ ಹಿಂದಿರುಗಿಸಿದರೆ ಜಮೀನು ಬಿಟ್ಟುಕೊಡುವ ಷರತ್ತು ಎಲ್ಲೂ ಇಲ್ಲ. ನಿಮಗೆ ಮಂತ್ರದಂತೆ ಕಂಡ ಸಾಲು ಅಷ್ಟಭೋಗದ್ದು: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ನೆಲದಡಿಯ ಹೂತಿಟ್ಟ ಹಣದಿಂದ ಹಿಡಿದು ಮುಂದೆ ಬರಬಹುದಾದ ಆದಾಯದವರೆಗೆ ಎಲ್ಲವೂ ಕೊಂಡವನಿಗೆ ಸೇರಿದ್ದು ಎಂದು ಅರ್ಥ. ಶಾಸನಗಳ ಕಾಲದಿಂದ ಬಂದ ಮಾತು, ಇಂದಿನ ಪತ್ರಗಳಲ್ಲೂ ಉಳಿದಿದೆ.

ಈಗ ಪಾತ್ರೆಗಳ ಪಟ್ಟಿ. ಇದು ಅಣ್ಣತಮ್ಮಂದಿರ ಪಾಲುಪಟ್ಟಿ. ‘ತಾಮ್ರದ ಹಂಡೆ ೧ಕ್ಕೆ ಮ ೧ ಸೇ ೧೦’ ಎಂದಿದೆಯಲ್ಲ, ‘ಮ’ ಎಂದರೆ ಮಣ, ‘ಸೇ’ ಎಂದರೆ ಸೇರು. ಲೋಹದ ಪಾತ್ರೆಯನ್ನು ತೂಕದಲ್ಲಿ ಬರೆಯುತ್ತಿದ್ದುದೇಕೆಂದರೆ ಕಷ್ಟ ಬಂದಾಗ ಅಡವಿಡುವುದೂ ಮಾರುವುದೂ ತೂಕದಲ್ಲೇ. ಯಾವ ಮಣ ಎಂಬ ಗೊಂದಲ ಬೇಡ. ಪಕ್ಕಾ ಮಣವೆಂದರೆ ಹಂಡೆ 46 ಕಿಲೋ ಮೀರುತ್ತದೆ. ಅದನ್ನು ಒಲೆಯ ಮೇಲೆ ಏರಿಸುವವರು ಯಾರು? ಇದು ಕಚ್ಚಾ ಮಣ: 24 ತೊಲಕ್ಕೆ ಒಂದು ಸೇರು, 40 ಸೇರಿಗೆ ಒಂದು ಮಣ. ಒಟ್ಟು 50 ಸೇರು, ಸುಮಾರು 14 ಕಿಲೋ.

ಕಂಚಿನ ಗಂಗಾಳ, ಹಿತ್ತಾಳೆ ಕೊಳದಪ್ಪಲೆ, ಚೊಂಬು, ಒಂದು ಲಾಟೀನು. ನಡುವೆ ‘ಸೀಮೆಎಣ್ಣೆ ಡಬ್ಬ ೨’. ನೀವು ಎಣ್ಣೆಯ ದಾಸ್ತಾನು ಎಂದುಕೊಂಡಿರಿ, ಬಹುಶಃ ಖಾಲಿ ಡಬ್ಬಗಳೇ. ನಾಲ್ಕು ಗ್ಯಾಲನ್ ಹಿಡಿಯುವ ಆ ಚೌಕ ತಗಡಿನ ಡಬ್ಬಕ್ಕೆ ಹಿಡಿ ಹಾಕಿಸಿದರೆ ನೀರು ಹೊರಲು ಆಯಿತು, ಮುಚ್ಚಳ ಮಾಡಿಸಿದರೆ ಹಿಟ್ಟು ತುಂಬಲು ಆಯಿತು. ಅಣ್ಣನಿಗೊಂದು ತಮ್ಮನಿಗೊಂದು ಎಂದು ಹಂಚಿಕೊಳ್ಳುವಷ್ಟು ಬೆಲೆ ಅದಕ್ಕಿತ್ತು. ಅಲ್ಯೂಮಿನಿಯಂ ಒಂದೂ ಇಲ್ಲ. 1898ರಲ್ಲೇ ಮದ್ರಾಸಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ ಅವರು ಅಲ್ಯೂಮಿನಿಯಂ ಪಾತ್ರೆ ಮಾಡಿಸಲು ಆರಂಭಿಸಿದ್ದರೂ ನಿಮ್ಮ ಮುತ್ತಜ್ಜನ ಅಡುಗೆಮನೆಗೆ ಅದು ಬಂದಿರಲಿಲ್ಲ. ಒರಳು, ಬೀಸುವ ಕಲ್ಲು ಪಟ್ಟಿಯಲ್ಲಿ ಇಲ್ಲದಿರುವುದು ವಿಚಿತ್ರವಲ್ಲ, ಅವು ಮನೆ ಯಾರಿಗೆ ಬಂತೋ ಅವರಿಗೆ.

ಪಟ್ಟಿಯ ಕೊನೆಯ ಸಾಲನ್ನು ನೀವು ಬಿಟ್ಟೇಬಿಟ್ಟಿದ್ದೀರಿ: ‘ಕಪಿಲೆ ಸಾಮಾನು ಜೊತೆ ೧, ಹೊಸ ಜಮೀನಿನದು’. ಎತ್ತು ಕಟ್ಟಿ ಚರ್ಮದ ಚೀಲದಲ್ಲಿ ನೀರೆತ್ತುವ ಸಲಕರಣೆ ಅದು. ಅಂದರೆ ಕೊಂಡ ಜಮೀನಿನಲ್ಲಿ ಬಾವಿ ಇತ್ತು, ಅದರ ಒಂದಷ್ಟಾದರೂ ಬಾಗಾಯ್ತು, ಅಂದರೆ ತೋಟದ ಜಮೀನು, ಆಗಿತ್ತು. ಕ್ರಯಪತ್ರದ ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿಗಳ ವಿವರದಲ್ಲಿ, ಪೂರ್ವಕ್ಕೂ ಉತ್ತರಕ್ಕೂ ಬರೀ ನೆರೆಯವರ ಹೆಸರುಗಳು. ನೂರು ವರ್ಷದಲ್ಲಿ ಅವು ನಾಲ್ಕು ಕೈ ಬದಲಾಗಿರುತ್ತವೆ. ಪಶ್ಚಿಮದ ಹಳ್ಳ, ದಕ್ಷಿಣದ ಕೆರೆ ದಾರಿ ಮಾತ್ರ ಜಾಗ ಬಿಟ್ಟು ಅಷ್ಟು ಸುಲಭವಾಗಿ ಕದಲುವುದಿಲ್ಲ. ಗ್ರಾಮ ನಕ್ಷೆ ತೆಗೆದುಕೊಂಡು ಹಳ್ಳವೂ ದಾರಿಯೂ ಕೂಡುವ ಮೂಲೆಯಲ್ಲಿ ಹಳೆಯ ಬಾವಿ ಇರುವ ಸರ್ವೆ ನಂಬರು ಯಾವುದೆಂದು ಊರಿನ ಹಿರಿಯರನ್ನು ಕೇಳಿ. ಮುಚ್ಚಿಹೋಗಿದ್ದರೂ ಕಪಿಲೆಯ ಕಲ್ಲುಕಂಬಗಳು ಎಷ್ಟೋ ಕಡೆ ಉಳಿದಿರುತ್ತವೆ.

ನಂಬರು ಗೊತ್ತಾದ ಮೇಲೆ ತಾಲ್ಲೂಕಿನ ಭೂಮಾಪನ ಕಚೇರಿಯಲ್ಲಿ ಮೂಲ ಟಿಪ್ಪಣಿ (ಮೊದಲ ಅಳತೆಯ ದಾಖಲೆ), ಹಿಸ್ಸಾ ಟಿಪ್ಪಣಿ (ನಂಬರು ಪಾಲಾದಾಗಿನ ಅಳತೆ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯಗಳ ದಾಖಲೆ) ಇವುಗಳಿಗೆ ಅರ್ಜಿ ಹಾಕಿ. ಪತ್ರದ 2 ಎಕರೆ 12 ಗುಂಟೆ ಎಂದರೆ ಒಟ್ಟು 92 ಗುಂಟೆ. ಹಿಸ್ಸಾಗಳನ್ನು ಕೂಡಿ ನೋಡಿ. ವಿಸ್ತೀರ್ಣ ಸ್ವಲ್ಪ ಹೆಚ್ಚು ಕಡಿಮೆಯಾದರೆ ಗಾಬರಿ ಬೇಡ, ಚಕ್ಕುಬಂದಿಯೇ ಮುಖ್ಯ. ಹಕ್ಕಿನ ಮಾತು ಬೇರೆ. ಈಗಿನ ಪಹಣಿಯಲ್ಲಿ ಬೇರೆಯವರ ಹೆಸರಿದ್ದರೆ ಈ ಪತ್ರವೊಂದನ್ನೇ ಹಿಡಿದು ಯಾರ ಬಾಗಿಲಿಗೂ ಹೋಗಬೇಡಿ. ನಡುವೆ ಇನಾಂ ರದ್ದತಿ, 1974ರ ಭೂಸುಧಾರಣೆ, ಎಷ್ಟೋ ಪಾಲುಗಳು ಆಗಿಹೋಗಿವೆ. ವಕೀಲರಿಗೆ ತೋರಿಸಿ.

ಇನ್ನೊಂದು ಮಾತು: ಹಾಳೆಗೆ ಲ್ಯಾಮಿನೇಷನ್ ಮಾಡಿಸಬೇಡಿ. ನಾನು ಮಾಡಿಸಿ ಒಂದು ಮೊಹರನ್ನು ಕಳೆದುಕೊಂಡೆ. ಬಿಳಿ ಹತ್ತಿ ಬಟ್ಟೆಯಲ್ಲಿ ಮಡಿಕೆ ಬೀಳದಂತೆ ಇಡಿ.

ಪತ್ರದ ಬೆನ್ನಿನ ಚಿತ್ರ ಹಾಕಿ, ನೋಡುತ್ತೇನೆ. ಆ ಹಂಡೆ ನಿಮ್ಮ ದೊಡ್ಡಪ್ಪನ ಮನೆಯ ಹಿತ್ತಲಲ್ಲಿದೆ ಎಂದಿದ್ದೀರಲ್ಲ, ಒಮ್ಮೆ ತಕ್ಕಡಿಗೆ ಏರಿಸಿ. ಸವೆದದ್ದು ಕಳೆದು 13 ಕಿಲೋ ಆಸುಪಾಸು ಬಂದರೆ ಪಟ್ಟಿಯ ಹಂಡೆ ಅದೇ ಇರಬೇಕು.