ಸದಸ್ಯತ್ವಕ್ಕೆ ಹಣ ಕಟ್ಟುವ ಮೊದಲು ಪಾಲಿಸಿ ತೆಗೆದು ನೋಡಿ

ಅಣ್ಣಾ, ತಡೆಯಿರಿ, ಇನ್ನೂ ಹಣ ಕಟ್ಟಬೇಡಿ. ವಾರಕ್ಕೊಮ್ಮೆ ಗದಗಿನಿಂದ ನರಗುಂದದ ಹೊಲಕ್ಕೆ ಹೋಗಿಬರುವುದರಿಂದ 2,000 ರೂಪಾಯಿಯ ರಸ್ತೆ ನೆರವು ಸದಸ್ಯತ್ವ (ಗಾಡಿ ದಾರಿಯಲ್ಲಿ ಕೆಟ್ಟು ನಿಂತರೆ ಬಂದು ನೆರವಾಗುವ ಸೇವೆ) ತೆಗೆದುಕೊಳ್ಳುತ್ತಿದ್ದೇನೆ ಎಂದು ಗುಂಪಿನಲ್ಲಿ ಬರೆದಿದ್ದೀರಿ. ಮೂರು ವರ್ಷದ ಹಿಂದೆ ನಾನೂ ಇದೇ ಲೆಕ್ಕ ಹಾಕಿ ಕಟ್ಟಿದೆ. ಆಮೇಲೆ ನೋಡಿದರೆ ಗಾಡಿಯ ವಿಮೆಯ ಪಾಲಿಸಿಯಲ್ಲೇ ಆ್ಯಡ್-ಆನ್, ಅಂದರೆ ಹೆಚ್ಚುವರಿ ಸೌಲಭ್ಯ, ಆಗಿ ಅದೇ ಸೇವೆ ಇತ್ತು. ಏಜೆಂಟ್ ಹೇಳಿರಲಿಲ್ಲ, ನಾನು ಓದಿರಲಿಲ್ಲ. ಪ್ರೀಮಿಯಂ ವಿವರದ ಪುಟದಲ್ಲಿ ಝೀರೋ ಡೆಪ್ (ಬಿಡಿಭಾಗದ ಸವಕಳಿ ಕಳೆಯದೆ ಕ್ಲೇಮ್ ಕೊಡುವ ಆ್ಯಡ್-ಆನ್) ಸಾಲಿನ ಆಸುಪಾಸು ಹುಡುಕಿ. ಗಾಡಿ ಹೊಸದಾಗಿದ್ದರೆ ವಾರಂಟಿಯ ಜೊತೆಗೂ ಬಂದಿರಬಹುದು.

ಹೊಲಕ್ಕೆ ಹೋಗುವವರು ನೀವು, ಅದಕ್ಕೇ ಇದನ್ನು ಹೇಳಲೇಬೇಕು. ನನಗೇ ಆದದ್ದು: ಹೆಸರುಕಾಳು ಬಿಡಿಸುವ ಕಾಲ, ಹಿಂದಿನ ರಾತ್ರಿ ಮಳೆಯಾಗಿತ್ತು. ನವಲಗುಂದದ ಹತ್ತಿರ ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿದು ನೂರು ಮೀಟರ್ ಹೋಗಿರಲಿಲ್ಲ, ಎರೆ ಮಣ್ಣು ಮಡ್‌ಗಾರ್ಡ್ ಒಳಗೆ ಗಟ್ಟಿಯಾಗಿ ತುಂಬಿ ಮುಂದಿನ ಗಾಲಿ ತಿರುಗುವುದೇ ನಿಂತಿತು. ಸದಸ್ಯತ್ವದ ಸಹಾಯವಾಣಿಗೆ ಫೋನ್ ಮಾಡಿದರೆ, ‘ವಾಹನ ರಸ್ತೆಯ ಮೇಲಿದೆಯೇ?’ ಎಂದು ಕೇಳಿದರು. ರಸ್ತೆಯ ಹೊರಗೆ ಹೂತ ಗಾಡಿ ನಿಯಮದಲ್ಲಿ ಬರುವುದಿಲ್ಲವಂತೆ. ಆ್ಯಡ್-ಆನ್‌ನಲ್ಲೂ ಇಂಥದೇ ನಿಯಮವಿರಬಹುದು, ಕೇಳಿಕೊಳ್ಳಿ. ಕಡೆಗೆ ಪಕ್ಕದ ಹೊಲದವರು ಟ್ರ್ಯಾಕ್ಟರ್ ತಂದರು. ಗಡಿಬಿಡಿಯಲ್ಲಿ ಹಗ್ಗವನ್ನು ಗಾಲಿಯ ಲೋವರ್ ಆರ್ಮ್‌ಗೆ (ಗಾಲಿಯನ್ನು ಗಾಡಿಗೆ ಹಿಡಿದಿಡುವ ಕೆಳಗಿನ ಲೋಹದ ತೋಳು) ಕಟ್ಟಿದೆವು. ಗಾಡಿ ಹೊರಬಂತು, ಆರ್ಮ್ ಬಾಗಿತು. ಹುಬ್ಬಳ್ಳಿಯ ಗೋಕುಲ ರಸ್ತೆಯ ಗ್ಯಾರೇಜಿನಲ್ಲಿ ಅದನ್ನು ಬದಲಿಸಿ ಗಾಲಿಗಳ ಅಲೈನ್‌ಮೆಂಟ್ ಮಾಡಿಸಲು ಸದಸ್ಯತ್ವದ ಮೂರು ಪಟ್ಟು ಹಣ ಹೋಯಿತು. ಎಳೆಯುವ ಕೊಕ್ಕೆ ಡಿಕ್ಕಿಯಲ್ಲೇ ಇತ್ತು! ಬಂಪರಿನ ಚಿಕ್ಕ ಮುಚ್ಚಳ ತೆಗೆದು ಅದನ್ನು ಕೊನೆಯವರೆಗೂ ತಿರುಗಿಸಿ ಕೂಡಿಸಬೇಕು. ಅರ್ಧಕ್ಕೇ ಬಿಟ್ಟರೆ ಕಿತ್ತು ಹಾರುತ್ತದೆ. ಮೊದಲು ಗಾಲಿಯ ಮಣ್ಣನ್ನು ಕುರ್ಪಿಯಿಂದ ಕೆರೆದು ತೆಗೆಯಿರಿ. ಎಳೆಯುವಾಗ ಹಗ್ಗದ ಹತ್ತಿರ ಯಾರೂ ನಿಲ್ಲಬಾರದು, ಮಕ್ಕಳನ್ನಂತೂ ದೂರ ಕಳಿಸಿ.

ಪಾಲಿಸಿಯಲ್ಲಿ ಈ ಸೇವೆ ಇಲ್ಲದಿದ್ದರೆ, ರಾತ್ರಿ ಹೊತ್ತು ಮನೆಮಂದಿಯನ್ನು ಕರೆದುಕೊಂಡು ಅರಬೈಲು ಘಟ್ಟ ಇಳಿಯುವವರು ಖಂಡಿತ ತೆಗೆದುಕೊಳ್ಳಿ. ಆದರೆ ಸಹಾಯವಾಣಿಗೆ ಮೊದಲೇ ಫೋನ್ ಮಾಡಿ, ನರಗುಂದಕ್ಕೆ ಕ್ರೇನ್ ಎಲ್ಲಿಂದ ಬರುತ್ತದೆ ಎಂದು ಕೇಳಿ. ಎಷ್ಟು ಕಿಲೋಮೀಟರ್ ಉಚಿತ, ಬಂದುಹೋಗುವ ಎರಡೂ ದೂರ ಸೇರಿಸುತ್ತಾರೆಯೇ ಎಂಬುದನ್ನೂ ಕೇಳಿ. ಪೆಟ್ರೋಲ್ ತಂದುಕೊಟ್ಟರೂ ಅದರ ದರ ಸಾಮಾನ್ಯವಾಗಿ ನಮ್ಮದೇ. ಪಂಕ್ಚರ್ ಆದರೆ ಬಂದು ನಿಮ್ಮ ಸ್ಟೆಪ್ನಿ ಹಾಕಿಕೊಡುತ್ತಾರೆ, ಸ್ಟೆಪ್ನಿಯಲ್ಲೇ ಗಾಳಿ ಇಲ್ಲದಿದ್ದರೆ ಅವರೇನು ಮಾಡಿಯಾರು? ಹಾವೇರಿ, ರಾಣೆಬೆನ್ನೂರು ಕಡೆಯ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಂತರೆ ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ 1033ಕ್ಕೆ ಕರೆ ಮಾಡಿ. ಗಾಡಿಯನ್ನು ರಸ್ತೆಯಿಂದ ಬದಿಗೆ ಸರಿಸಲು ನೆರವಾಗುತ್ತಾರೆ, ನಿಮ್ಮ ಗ್ಯಾರೇಜಿನವರೆಗೆ ಒಯ್ಯುವುದು ಮಾತ್ರ ಅವರ ಕೆಲಸವಲ್ಲ.

ಇನ್ನು ಬ್ಯಾಟರಿ. ಸೀಟ್ ಕವರಿಗೆ ಸಾವಿರಾರು ರೂಪಾಯಿ ಸುರಿದು ಐದು ವರ್ಷದ ಬ್ಯಾಟರಿಯಲ್ಲೇ ಓಡಾಡುವವರು ಈ ಗುಂಪಿನಲ್ಲಿ ಎಷ್ಟು ಜನರಿದ್ದೀರಿ! ಎಕ್ಸೈಡ್, ಅಮರಾನ್ ಎರಡನ್ನೂ ಬಳಸಿದ್ದೇನೆ, ನನ್ನ ಮತ ಅಮರಾನ್‌ಗೆ. ಬ್ಯಾಟರಿ ಸತ್ತಾಗ ಬೇರೆ ಗಾಡಿಯ ಬ್ಯಾಟರಿಯಿಂದ ಚಾಲೂ ಮಾಡಲು ಬೇಕಾಗುವ ಜಂಪರ್ ಕೇಬಲ್ ದಪ್ಪ ತಂತಿಯದನ್ನೇ ಕೊಳ್ಳಿ. ಕೆಂಪು ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ನಂತರ ಒಳ್ಳೆಯದರ ಪ್ಲಸ್‌ಗೆ. ಕಪ್ಪು ಒಳ್ಳೆಯದರ ಮೈನಸ್‌ಗೆ, ಅದರ ಕೊನೆಯ ತುದಿ ನಿಂತ ಗಾಡಿಯ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ನಿಮ್ಮದು ಆಟೊಮ್ಯಾಟಿಕ್ ಆಗಿದ್ದರೆ ತಳ್ಳಿ ಚಾಲೂ ಮಾಡಲು ಹೋಗಬೇಡಿ, ಒಯ್ಯಲು ಫ್ಲಾಟ್‌ಬೆಡ್ಡನ್ನೇ (ಗಾಡಿಯನ್ನು ಪೂರ್ತಿ ಮೇಲೆ ಹೇರಿಕೊಂಡು ಹೋಗುವ ಲಾರಿ) ಕೇಳಿ.

ಪಾಲಿಸಿಯ ಆ ಪುಟದ ಫೋಟೊ ಇಲ್ಲಿ ಹಾಕಿ, ಹೆಸರು ಮತ್ತು ಸಂಖ್ಯೆ ಮುಚ್ಚಿ. ಸಂಜೆಯೊಳಗೆ ನೋಡಿ ಹೇಳುತ್ತೇನೆ.