ಮೊದಲು ಯಾರಿಗೆ ಹೇಳಬೇಕಿತ್ತು?

ಅಂಬೆಗಾಲಿಡುವ ಮಗಳು ಮೊದಲ ಸಲ ಹೊಸ್ತಿಲು ದಾಟಿದ ಸುದ್ದಿ ಪ್ರದೀಪನಿಗೆ ತಲುಪಿದ್ದು ಶಿವಮೊಗ್ಗದಲ್ಲಿರುವ ದೊಡ್ಡಪ್ಪನ ಮಗನಿಂದ. ಸಭೆ ಮುಗಿಸಿ ಹೊರಬರುತ್ತಿದ್ದ ಹಾಗೆ ಮೊಬೈಲ್ ಮೊಳಗಿತು. “ಏನಪ್ಪಾ, ಮಗಳು ಹೊಸ್ತಿಲು ದಾಟಿದಳಂತೆ, ಹೋಳಿಗೆ ಊಟ ಯಾವಾಗ?” ಅಷ್ಟು ಹೊತ್ತಿಗೆ ಎರಡೂ ಕಡೆಯ ನೆಂಟರಿರುವ ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಿಡಿಯೊ ಹರಿದಾಡಿ, ಹೂವು, ಹೃದಯ, ಆಶೀರ್ವಾದಗಳೆಲ್ಲ ಬಂದು ಮುಗಿದಿದ್ದವು. ಸಂಜೆ ಮನೆಗೆ ಬಂದ ಆತ ಜಗಳವಾಡಲಿಲ್ಲ. ಊಟ ಮಾಡಿ ಮಲಗಿದ. ಮಾರನೆಯ ದಿನವೂ, ಅದರ ಮಾರನೆಯ ದಿನವೂ ಹಾಲು, ತರಕಾರಿ, ಬಾಡಿಗೆಯ ವಿಷಯ ಬಿಟ್ಟು ಹೆಂಡತಿಯೊಂದಿಗೆ ಮಾತಿಲ್ಲ. ಕೆಲವು ವಾರ ಕಾದ ಸ್ವಾತಿ ಕೊನೆಗೆ ಹಟ ಹಿಡಿದು ಗಂಡನನ್ನು ಆಪ್ತಸಲಹೆಗೆ ಕರೆತಂದಳು.

ಹೆಸರು, ಊರು, ಉದ್ಯೋಗಗಳನ್ನು ಬದಲಿಸಿದ್ದೇನೆ. ಇಬ್ಬರೂ ಓದಿ ಒಪ್ಪಿದ ಮೇಲೆಯೇ ಇದನ್ನು ಬರೆದು ಹಂಚಿಕೊಳ್ಳುತ್ತಿದ್ದೇನೆ.

ಅವರು ಮೈಸೂರಿನಲ್ಲಿ ಬಾಡಿಗೆ ಮನೆಯಲ್ಲಿರುವ ದಂಪತಿ ಎಂದಿಟ್ಟುಕೊಳ್ಳಿ. ಮದುವೆಯಾಗಿ ನಾಲ್ಕು ವರ್ಷ. ಆತ ಸಾಫ್ಟ್‌ವೇರ್ ಕಂಪನಿಯಲ್ಲಿ, ಆಕೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದವಳು. ಕಾಯಂ ನೌಕರಿಯಲ್ಲಿರುವ ಗೆಳತಿಗೆ 26 ವಾರಗಳ ಹೆರಿಗೆ ರಜೆ ಸಿಕ್ಕಿತು, ಇವಳು ಕೆಲಸವನ್ನೇ ಬಿಟ್ಟಳು. ಬಾಣಂತನ ಮುಗಿಸಿ ತವರಿನಿಂದ ಬಂದಾಗಿನಿಂದ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಮನೆಯಲ್ಲಿ ಅವಳು ಮತ್ತು ಮಗು, ಇಬ್ಬರೇ. ಸೀಮಂತ, ತೊಟ್ಟಿಲಿಗೆ ಹಾಕಿದ್ದು, ಮೊದಲ ನಗು, ಬೋರಲು ಬಿದ್ದದ್ದು, ಅನ್ನಪ್ರಾಶನ, ಭಾನುವಾರದ ತಿರುಗಾಟ, ಎಲ್ಲವೂ ಆ ಗುಂಪಿನಲ್ಲಿ ಒಂದಾದ ಮೇಲೊಂದು ಬರುತ್ತಿದ್ದವು. ಪ್ರತಿ ತಿಂಗಳೂ ಹುಟ್ಟಿದ ತಾರೀಖಿಗೆ ಮಗುವಿನ ಪಕ್ಕದಲ್ಲಿ ಅಕ್ಕಿಯಲ್ಲೋ ಸೇವಂತಿಗೆಯಲ್ಲೋ ತಿಂಗಳ ಸಂಖ್ಯೆ ಬರೆದ ಫೋಟೊ, ಕೆಳಗೆ ಎಲ್ಲರಿಗೂ ಕೃತಜ್ಞತೆ ಹೇಳುವ ನಾಲ್ಕು ಸಾಲು. ಚೆನ್ನಾಗಿ ಬರೆಯುತ್ತಾಳೆ. ನಾನೂ ಓದಿದೆ.

ಮೊದಲು ಇಬ್ಬರೊಂದಿಗೂ ಪ್ರತ್ಯೇಕವಾಗಿ ಮಾತನಾಡಿದೆ. ಪ್ರದೀಪ ಹೇಳಿದ್ದು ಇಷ್ಟು: “ನನ್ನ ಮಗಳ ಸುದ್ದಿ ನನಗೆ ಊರವರಿಂದ ಗೊತ್ತಾಗಬೇಕೇ? ಮದುವೆಯ ವಾರ್ಷಿಕೋತ್ಸವದ ದಿನ ‘ನೀವು ನನ್ನ ಬದುಕಿನ ಬೆಳಕು’ ಎಂದು ಗುಂಪಿನಲ್ಲಿ ಬರೆದಳು. ಆ ಬೆಳಿಗ್ಗೆ ಮನೆಯಲ್ಲಿ ನಾವು ಸಿಲಿಂಡರ್ ಬುಕ್ ಮಾಡುವ ವಿಷಯ ಬಿಟ್ಟು ಇನ್ನೇನೂ ಮಾತನಾಡಿರಲಿಲ್ಲ. ಆ ಬೆಳಕು ಯಾರ ಬದುಕಿಗೆ ಎಂದು ನನಗೇ ತಿಳಿಯಲಿಲ್ಲ.”

ಸ್ವಾತಿ ಮಾತಿಗೆ ಮೊದಲು ಮೊಬೈಲ್ ತೆರೆದು ಕರೆಗಳ ಪಟ್ಟಿ ತೋರಿಸಿದಳು. ಹೊಸ್ತಿಲು ದಾಟಿದ ದಿನ ಬೆಳಿಗ್ಗೆ ಹನ್ನೊಂದೂಕಾಲರ ಸುಮಾರಿಗೆ ಗಂಡನಿಗೆ ಎರಡು ಕರೆ. ಎರಡೂ ಕಡಿತವಾಗಿವೆ. “ಸಭೆಯಲ್ಲಿದ್ದೇನೆ, ಆಮೇಲೆ ಮಾಡುತ್ತೇನೆ” ಎಂಬ ಸಿದ್ಧ ಸಂದೇಶ ಬಂದಿದೆ. ಆಮೇಲೆ ಕರೆ ಬರಲಿಲ್ಲ. ಅರ್ಧ ಗಂಟೆ ಕಾದು ಗುಂಪಿಗೆ ಹಾಕಿದಳು. “ಮಗು ಬೋರಲು ಬಿದ್ದ ದಿನ ಓಡಿಹೋಗಿ ಹೇಳಿದೆ. ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ ‘ಹ್ಞೂಂ, ಒಳ್ಳೆಯದಾಯಿತು’ ಎಂದರು. ಅದೇ ಚಿಕ್ಕಮ್ಮನಿಗೆ ಹೇಳಿದರೆ ‘ಹೌದೇನೇ! ಯಾವ ಕಡೆಗೆ ಮಗುಚಿಕೊಂಡಳು? ಕೈ ಸಿಕ್ಕಿಕೊಳ್ಳಲಿಲ್ಲವಾ?’ ಎಂದು ಹತ್ತು ಪ್ರಶ್ನೆ ಕೇಳುತ್ತಾರೆ. ಕೇಳುವವರಿಗೆ ಹೇಳಬೇಕೆನಿಸುತ್ತದೆ, ಅಲ್ಲವೇ ಮೇಡಂ?”

ಇಂಥ ಪ್ರಕರಣ ಕಂಡ ಕೂಡಲೇ ‘ಇದು ಮೊಬೈಲ್ ಚಟ’ ಎಂದು ತೀರ್ಪು ಕೊಡುವವರು ನಮ್ಮ ನಡುವೆ ಬಹಳ. ಚಟ ಇರುವವರೂ ಇದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ಅಂಥವರಿಗಾಗಿ 2014ರಲ್ಲೇ ಪ್ರತ್ಯೇಕ ಚಿಕಿತ್ಸಾಲಯ ತೆರೆಯಿತು. ಆದರೆ ಸ್ವಾತಿಯ ನಿದ್ದೆ, ಮಗುವಿನ ಆರೈಕೆ, ಮನೆಗೆಲಸ ಯಾವುದೂ ಮೊಬೈಲಿನಿಂದ ಕೆಟ್ಟಿರಲಿಲ್ಲ. ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲು ಬಳಸುವ ಎಡಿನ್‌ಬರೋ ಪ್ರಶ್ನಾವಳಿಯ ಹತ್ತು ಪ್ರಶ್ನೆಗಳನ್ನೂ ಕೇಳಿದೆ. ಎಳೆಮಗುವಿನ ತಾಯಿ ಯಾವ ದೂರು ಹಿಡಿದು ಬಂದರೂ ಇದನ್ನು ಕೇಳದೆ ಮುಂದೆ ಹೋಗಬಾರದು ಎನ್ನುವುದು ನನ್ನ ಗಟ್ಟಿ ನಿಲುವು. ಬೇಸರ, ಅಳು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರ ದಾಟಿದರೆ ವೈದ್ಯರನ್ನು ಕಾಣಬೇಕು. ಕಾಣಲಾಗದವರು ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ. ಸ್ವಾತಿಗೆ ಖಿನ್ನತೆ ಇರಲಿಲ್ಲ, ಒಂಟಿತನ ಇತ್ತು.

ನನಗೆ ಕಂಡದ್ದು ಇದು: ಕಷ್ಟ ಬಂದಾಗ ಈ ದಂಪತಿ ಒಬ್ಬರಿಗೊಬ್ಬರು ಚೆನ್ನಾಗಿಯೇ ಆಗಿದ್ದಾರೆ. ಮಗುವಿಗೆ ಕಾಮಾಲೆಯಾಗಿ ನೀಲಿ ದೀಪದ ಕೆಳಗೆ ಇಟ್ಟಿದ್ದ ದಿನಗಳಲ್ಲಿ ಪ್ರದೀಪ ಆಸ್ಪತ್ರೆ ಬಿಟ್ಟು ಕದಲಿರಲಿಲ್ಲ. ಅವರು ಸೋತದ್ದು ಸಂತೋಷದಲ್ಲಿ. ಸಂತೋಷಕ್ಕೆ ಯಾರ ನೆರವೂ ಬೇಕಾಗಿಲ್ಲ, ಅದು ತಾನೇ ನಡೆದುಕೊಂಡು ಹೋಗುತ್ತದೆ ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಶೆಲ್ಲಿ ಗೇಬಲ್ ಮತ್ತು ಸಂಗಡಿಗರು ಸಂಗಾತಿಯ ಒಳ್ಳೆಯ ಸುದ್ದಿಗೆ ನಾವು ಹೇಗೆ ಪ್ರತಿಕ್ರಿಯಿಸುತ್ತೇವೆ ಎಂಬುದನ್ನೇ ಅಧ್ಯಯನ ಮಾಡಿ 2004ರಲ್ಲಿ ನಾಲ್ಕು ಬಗೆಗಳನ್ನು ಗುರುತಿಸಿದರು. ಉತ್ಸಾಹದಿಂದ ಕೇಳಿ ಇನ್ನಷ್ಟು ಹೇಳಿಸುವುದು, ‘ಒಳ್ಳೆಯದು’ ಎಂದು ಸುಮ್ಮನಾಗುವುದು, ‘ಇನ್ನು ಮನೆಯಲ್ಲಿ ಏನೂ ಇಡುವಂತಿಲ್ಲ ಬಿಡು’ ಎಂದು ತಣ್ಣೀರೆರಚುವುದು, ಮಾತನ್ನೇ ಬೇರೆಡೆಗೆ ತಿರುಗಿಸುವುದು. ಸಂಬಂಧಕ್ಕೆ ಬಲ ಕೊಡುವುದು ಮೊದಲನೆಯದು ಮಾತ್ರ. 2006ರ ಅವರ ಇನ್ನೊಂದು ಅಧ್ಯಯನದಲ್ಲಿ, ಕೆಟ್ಟ ಸುದ್ದಿಗೆ ಸಿಗುವ ಸ್ಪಂದನಕ್ಕಿಂತ ಒಳ್ಳೆಯ ಸುದ್ದಿಗೆ ಸಿಗುವ ಸ್ಪಂದನವೇ ಜೋಡಿಯ ನೆಮ್ಮದಿಯೊಂದಿಗೆ ಹೆಚ್ಚು ಹೊಂದಿಕೊಂಡಿತ್ತು. ಪ್ರದೀಪ ಎರಡನೆಯ ಬಗೆಯವನು. ಕೆಟ್ಟವನಲ್ಲ, ಮಗಳೆಂದರೆ ಪ್ರಾಣ. ಆದರೆ ಅವನ ‘ಒಳ್ಳೆಯದಾಯಿತು’ ಎಂಬಲ್ಲಿಗೆ ಸ್ವಾತಿಯ ಮಾತು ನಿಂತುಹೋಗುತ್ತಿತ್ತು.

ಇಬ್ಬರನ್ನೂ ಜೊತೆಗೆ ಕೂರಿಸಿದ ದಿನ ನಾನು ಸ್ವಾತಿಗೆ ಹೇಳಿದೆ: ಹೊಸ್ತಿಲು ದಾಟಿದ್ದನ್ನು ಇವರಿಗೆ ಈಗ ಹೇಳಿ. ವಿಡಿಯೊ ತೋರಿಸಬೇಡಿ, ಬಾಯಲ್ಲಿ ಹೇಳಿ. ಪ್ರದೀಪನಿಗೆ ಹೇಳಿದೆ: ಕನಿಷ್ಠ ಮೂರು ಪ್ರಶ್ನೆ ಕೇಳಬೇಕು, ‘ಹೌದೋ ಅಲ್ಲವೋ’ ಎಂಬ ಉತ್ತರ ಬರುವ ಪ್ರಶ್ನೆಗಳಾಗಬಾರದು.

ಅವನು ಮೊದಲು ಕೇಳಿದ್ದು, “ವಿಡಿಯೊ ಅರ್ಧಕ್ಕೇ ಏಕೆ ನಿಂತಿದೆ?” ಸ್ವಾತಿ ಹೇಳಿದಳು. ಮಗು ಅಂಬೆಗಾಲಿಡುತ್ತಾ ಬಂದು ಹೊಸ್ತಿಲ ಮೇಲೆ ಎರಡೂ ಅಂಗೈ ಊರಿತು. ಅಲ್ಲಿ ಬೆಳಿಗ್ಗೆ ಎಳೆದಿದ್ದ ರಂಗೋಲಿಯ ಎಳೆ ಅಳಿಸಿ ಕೈಗೆ ಪುಡಿ ಮೆತ್ತಿಕೊಂಡಿತು. ದಾಟಿ ಆಚೆ ಕುಳಿತದ್ದೇ ಆ ಕೈಯನ್ನು ಬಾಯಿಗೆ ಒಯ್ದಿತು. ಇವಳು ಮೊಬೈಲನ್ನು ನೆಲಕ್ಕಿಟ್ಟು ಓಡಿ ಸೀರೆಯ ಸೆರಗಿನಲ್ಲಿ ಕೈ ಒರೆಸಿದಳು. ಒರೆಸುವಾಗ ಮಗು ಬಾಗಿಲ ಒಳಗಿನ ಮನೆಯನ್ನು ಹೊರಗಿನಿಂದ ನೋಡಿ, ಅದು ಬೇರೆ ಯಾರದೋ ಮನೆ ಎನ್ನುವಂತೆ ಹುಬ್ಬೆತ್ತಿ, “ಆಂ?” ಎಂದು ಕೇಳಿತು. ಪ್ರದೀಪ ಮೂರು ಪ್ರಶ್ನೆಗೆ ನಿಲ್ಲಲಿಲ್ಲ. ಯಾವ ಮಂಡಿ ಮೊದಲು ಎತ್ತಿದಳು, ಬಿದ್ದಳೇ, ಮತ್ತೆ ಒಳಗೆ ತಾನೇ ಬಂದಳೇ ಎಂದು ಕೇಳುತ್ತಲೇ ಹೋದ. ಗುಂಪಿನ ಯಾರಿಗೂ ಗೊತ್ತಿರದಿದ್ದ ಆ ಅರ್ಧ ಭಾಗ ಅವನೊಬ್ಬನ ಪಾಲಿಗೆ ಬಂತು.

ಅಲ್ಲಿಂದ ನಾನು ಕೊಟ್ಟ ಮೊದಲ ಸಲಹೆ ಹುಟ್ಟಿತು. ಮಗುವಿನದಾಗಲಿ ತಮ್ಮದಾಗಲಿ, ಯಾವ ಸಿಹಿಸುದ್ದಿಯೂ ಮೊದಲು ಸಂಗಾತಿಯ ಕಿವಿಗೆ ಬೀಳಬೇಕು. ಹಗಲು ಕರೆ ಸಿಗದಿದ್ದರೆ ರಾತ್ರಿಯವರೆಗೆ ಕಾಯುವುದು ಸ್ವಾತಿಯ ಪಾಲು. ಕಾದದ್ದಕ್ಕೆ ಬೆಲೆ ಬರುವಂತೆ ಕೇಳುವುದು ಪ್ರದೀಪನ ಪಾಲು: ಬಂದವನೇ ಕೈಕಾಲು ತೊಳೆದು, ಮೊಬೈಲ್ ದೂರವಿಟ್ಟು, ಊಟಕ್ಕೆ ಮೊದಲು ಕಾಲು ಗಂಟೆ. ಎರಡು ಕರೆ ಒಟ್ಟೊಟ್ಟಿಗೆ ಬಂದರೆ ಎಂಥ ಸಭೆಯಲ್ಲಿದ್ದರೂ ಹೊರಬಂದು ಎತ್ತಬೇಕೆಂದೂ ಅವರೇ ಗೊತ್ತುಮಾಡಿಕೊಂಡರು.

ಇನ್ನು ಅತ್ತೆ. “ಹೀಗೆಲ್ಲ ಫೋಟೊ ಹಾಕಿದರೆ ಮಗುವಿಗೆ ದೃಷ್ಟಿಯಾಗುತ್ತದೆ” ಎಂದು ಅವರು ಪ್ರತಿ ಫೋಟೊಗೂ ಹೇಳುತ್ತಿದ್ದರು, ಸ್ವಾತಿ ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುತ್ತಿದ್ದಳು. ಇಬ್ಬರ ಅನುಮತಿ ಪಡೆದು ನಾನು ಅವರೊಂದಿಗೆ ಫೋನಿನಲ್ಲಿ ಮಾತನಾಡಿದೆ. ಅವರ ಮನೆಯ ಪದ್ಧತಿಯಲ್ಲಿ ಮಗು ಹೊಸ್ತಿಲು ದಾಟಿದರೆ ಅಜ್ಜಿ ಹೊಸ್ತಿಲಿಗೆ ಅರಿಸಿನ ಕುಂಕುಮ ಇಟ್ಟು, ಕಾಯಿ ಒಡೆದು, ಅಕ್ಕಪಕ್ಕದ ಮಕ್ಕಳಿಗೆ ಸಿಹಿ ಹಂಚಬೇಕು. ಪದ್ಧತಿ ಮನೆಯಿಂದ ಮನೆಗೆ ಬೇರೆ, ಆದರೆ ಅವರ ಮನೆಯಲ್ಲಿ ಅದು ಅಜ್ಜಿಯ ಹಕ್ಕು. ಅವರ ಅತ್ತೆ ಪ್ರದೀಪನಿಗೆ ಮಾಡಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಮಗು ತೆವಳಲು ಶುರುಮಾಡಿದ ದಿನವೇ ಊರಿನಿಂದ ಬರುವ ಬಸ್ಸಿನ ಹೊತ್ತು ವಿಚಾರಿಸಿ ಇಟ್ಟುಕೊಂಡಿದ್ದರು. ವಿಡಿಯೊ ನೋಡಿದಾಗ ಅವರಿಗೆ ಆದದ್ದು ಸಂತೋಷ ಮಾತ್ರವಲ್ಲ. ದೃಷ್ಟಿಯ ಮಾತಿನ ಹಿಂದೆ ‘ನನ್ನನ್ನು ಕರೆಯಲಿಲ್ಲ’ ಎಂಬ ನೋವಿತ್ತು. ಹಿರಿಯರ ಇಂಥ ಮಾತಿಗೆ ವಾದ ಹೂಡುವ ಮೊದಲು ಅದರ ಹಿಂದಿರುವ ನೋವನ್ನು ಕೇಳಿ ತಿಳಿಯಿರಿ ಎಂದು ಸ್ವಾತಿಗೆ ಹೇಳಿದೆ. ಒಂದು ಭಾನುವಾರ ಅತ್ತೆ ಬಂದರು, ಶಾಸ್ತ್ರ ನಡೆಯಿತು. ಅಷ್ಟರಲ್ಲಿ ಮಗು ಹೊಸ್ತಿಲನ್ನು ದಿನಕ್ಕೆ ಹತ್ತು ಸಲ ದಾಟುತ್ತಿತ್ತು. ತಡವಾಯಿತೆಂದು ಯಾರೂ ಅನ್ನಲಿಲ್ಲ.

ಗುಂಪಿನಿಂದ ಸ್ವಾತಿಗೆ ಇನ್ನೊಂದು ಕಿರುಕುಳವೂ ಇತ್ತು. “ನಮ್ಮವನು ಹತ್ತು ತಿಂಗಳಿಗೇ ನಡೆದ, ಇವಳು ಇನ್ನೂ ಹಿಡಿದುಕೊಂಡೇ ನಿಲ್ಲುತ್ತಾಳಾ?” ಎಂಬಂಥ ಮಾತುಗಳು. ಆಕೆ ಮತ್ತೆ ಮತ್ತೆ ಅದನ್ನೇ ಯೋಚಿಸುತ್ತಿದ್ದಳು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಮಾನದಂಡದಲ್ಲಿ ಆಸರೆಯಿಲ್ಲದೆ ನಡೆಯುವ ವಯಸ್ಸು 8.2 ತಿಂಗಳಿನಿಂದ 17.6 ತಿಂಗಳವರೆಗೆ ಹರಡಿದೆ. ಆ ಅಧ್ಯಯನದಲ್ಲಿದ್ದ ಭಾರತದ ಮಕ್ಕಳೂ ಸೇರಿದಂತೆ ನೂರರಲ್ಲಿ ಸುಮಾರು ನಾಲ್ಕು ಆರೋಗ್ಯವಂತ ಮಕ್ಕಳು ಅಂಬೆಗಾಲನ್ನೇ ಇಡದೆ ನೇರ ನಡೆದಿದ್ದಾರೆ. ಈ ಅಂಕಿಗಳನ್ನು ಕಾಗದದಲ್ಲಿ ಬರೆದುಕೊಟ್ಟೆ. ಸಂಶಯ ಬಂದರೆ ಮಕ್ಕಳ ವೈದ್ಯರನ್ನು ಕೇಳಿ, ಗುಂಪನ್ನು ಕೇಳಬೇಡಿ ಎಂದೆ.

ಕೃತಜ್ಞತೆಯ ವಿಷಯದಲ್ಲಿ ಸ್ವಾತಿಗೆ ನನ್ನ ಮಾತು ಮೊದಲು ಕಹಿಯೆನಿಸಿತು. ಗುಂಪಿನಲ್ಲಿ ಬರೆಯುವುದನ್ನು ಬಿಡಬೇಕಿಲ್ಲ, ಆದರೆ ಗಂಡನಿಗೆ ಹೇಳಬೇಕಾದ್ದನ್ನು ಗಂಡನಿಗೇ ಹೇಳಬೇಕು, ಅದೂ ಬಿಡಿಬಿಡಿಯಾಗಿ. ‘ನೀವು ನನ್ನ ಬೆಳಕು’ ಎಂದರೆ ಅವನು ಏನು ಮಾಡಿದ್ದಕ್ಕೆ ಎಂದು ಅವನಿಗೆ ತಿಳಿಯದು. ‘ರಾತ್ರಿ ಎರಡು ಗಂಟೆಗೆ ಅವಳು ಎದ್ದಾಗ ನೀವೇ ಎತ್ತಿಕೊಂಡು ಓಡಾಡಿದಿರಿ, ನನ್ನನ್ನು ಎಬ್ಬಿಸಲಿಲ್ಲ, ಅದು ನಿಮ್ಮ ದೊಡ್ಡ ಗುಣ’ ಎಂದರೆ ತಿಳಿಯುತ್ತದೆ. ಸಾರಾ ಆಲ್ಗೋ ಎಂಬ ಸಂಶೋಧಕಿ 2016ರಲ್ಲಿ ಜೋಡಿಗಳ ಮಾತುಗಳನ್ನು ಹೀಗೆಯೇ ಬಿಡಿಸಿ ನೋಡಿದ್ದಾರೆ: ತನಗಾದ ಲಾಭವನ್ನಷ್ಟೇ ಹೇಳುವ ಮಾತಿಗಿಂತ ಮಾಡಿದವರ ಗುಣವನ್ನು ಹೊಗಳುವ ಮಾತು ಹೆಚ್ಚು ಮನಸ್ಸಿಗೆ ಮುಟ್ಟುತ್ತದೆ. ಪ್ರದೀಪನಿಗೂ ಇದೇ ಕೆಲಸ ಕೊಟ್ಟೆ. ಮುಂದಿನ ಭೇಟಿಗೆ ಬಂದಾಗ ಅವನು ಹೇಳಿದ್ದನ್ನು ಸ್ವಾತಿಯೇ ನನಗೆ ವರದಿ ಮಾಡಿದಳು: “ನೀನು ಕೆಲಸ ಬಿಟ್ಟಾಗ ಏನೂ ಕೇಳಲಿಲ್ಲ ನಾನು. ನಿನ್ನ ಪುಸ್ತಕಗಳನ್ನು ಅಟ್ಟಕ್ಕೆ ಹಾಕುವಾಗ ಒಂದು ಮಾತೂ ಆಡದೆ ಹಾಕಿದೆಯಲ್ಲ, ಅದು ನನಗೆ ನೆನಪಿದೆ.” ಅವನು ಅದನ್ನು ಗಮನಿಸಿದ್ದಾನೆಂದೇ ಅವಳಿಗೆ ತಿಳಿದಿರಲಿಲ್ಲ.

ಭಾನುವಾರಗಳ ತಿರುಗಾಟ ಮುಂದುವರಿಯಲಿ ಎಂದೆ, ಸ್ವಲ್ಪ ಬದಲಾವಣೆಯೊಂದಿಗೆ. ಆರ್ಥರ್ ಆರನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಗಂಡ ಹೆಂಡಿರ ಕೈಕಾಲುಗಳನ್ನು ಒಂದಕ್ಕೊಂದು ಕಟ್ಟಿ, ಇಬ್ಬರ ನಡುವೆ ದಿಂಬೊಂದನ್ನು ಸಿಕ್ಕಿಸಿ, ವ್ಯಾಯಾಮದ ಉದ್ದನೆಯ ಹಾಸಿನ ಮೇಲೆ ಅಂಬೆಗಾಲಿನಲ್ಲಿ ಆಚೆಗೆ ದಾಟಿಸಿದ್ದರು. ನಗುತ್ತಾ, ಎಡವುತ್ತಾ ದಾಟಿದ ಜೋಡಿಗಳಿಗೆ, ಸಪ್ಪೆ ಕೆಲಸ ಮಾಡಿದವರಿಗಿಂತ ತಮ್ಮ ದಾಂಪತ್ಯ ಚೆನ್ನಾಗಿದೆ ಎನಿಸಿತು. ಹೊಸದನ್ನು ಜೊತೆಯಲ್ಲಿ ಮಾಡುವುದರಲ್ಲಿ ಆ ಶಕ್ತಿ ಇದೆ, ದೂರದ ರೆಸಾರ್ಟ್ ಬೇಕಿಲ್ಲ. ಕಾರು ಬಿಟ್ಟು ನಗರ ಬಸ್ಸಿನಲ್ಲಿ ಚಾಮುಂಡಿ ಬೆಟ್ಟಕ್ಕೆ ಹೋಗಿ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಮಗುವನ್ನು ಸರದಿಯಲ್ಲಿ ಹೊತ್ತು ನಡೆಯಿರಿ, ರೈಲು ವಸ್ತುಸಂಗ್ರಹಾಲಯದ ಪುಟಾಣಿ ರೈಲು ಹತ್ತಿ ಎಂದು ನಾನೇ ಕೆಲವು ಹೇಳಿದೆ. ಒಂದೇ ಷರತ್ತು: ಫೋಟೊ ಎಷ್ಟಾದರೂ ತೆಗೆಯಿರಿ, ಯಾವುದನ್ನು ಕಳುಹಿಸಬೇಕೆಂದು ಮನೆಗೆ ಬಂದ ಮೇಲೆ ಇಬ್ಬರೂ ಒಟ್ಟಿಗೆ ಕುಳಿತು ಆರಿಸಿ.

ಆರಿಸುವಾಗ ಮಗಳ ಪರವಾಗಿಯೂ ಯೋಚಿಸಬೇಕೆಂದು ಒತ್ತಿ ಹೇಳಿದೆ. ಸ್ನಾನದ ಫೋಟೊ, ಅತ್ತು ಮುಖ ಕೆಂಪಾದ ವಿಡಿಯೊ, ಆಸ್ಪತ್ರೆಯ ಚೀಟಿ ಗುಂಪಿಗೆ ಹೋಗಬಾರದು. ನೆಂಟರ ಗುಂಪು ಎಂದರೂ ಅಲ್ಲಿಂದ ಅದು ಯಾರ ಮೊಬೈಲಿಗೆ ಹೋಗುತ್ತದೆಂಬುದು ನಮ್ಮ ಕೈಯಲ್ಲಿರುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರ ಮಾಹಿತಿಯನ್ನು ಬಳಸಲು ಸಂಸ್ಥೆಗಳು ತಂದೆ ತಾಯಿಯ ಒಪ್ಪಿಗೆ ಪಡೆಯಬೇಕೆನ್ನುತ್ತದೆ. ಕಾನೂನು ಮಗುವಿನ ಕಾವಲಿಗೆ ನಿಲ್ಲಿಸಿರುವುದು ನಮ್ಮನ್ನೇ, ಹಾಗಾಗಿ ನಾವೇ ಹಂಚುವಾಗ ತಡೆಯುವವರು ಬೇರೆ ಯಾರೂ ಇರುವುದಿಲ್ಲ.

ಈಗ ಗುಂಪಿಗೆ ಹೋಗುವ ಫೋಟೊಗಳು ಕಡಿಮೆಯಾಗಿವೆ, ನಿಂತಿಲ್ಲ. ನಿಲ್ಲಬೇಕೆಂದು ನಾನು ಹೇಳಲೂ ಇಲ್ಲ. ದೂರದಲ್ಲಿರುವ ಅಜ್ಜ ಅಜ್ಜಿಯರಿಗೆ, ಚಿಕ್ಕಮ್ಮನಿಗೆ ಅದರಿಂದ ಸಿಗುವ ಸುಖ ನಿಜವಾದದ್ದು. ಸ್ವಾತಿ ವಾರಕ್ಕೆ ಎರಡು ದಿನ ಪಾಠಕ್ಕೆ ಹೋಗಲು ಒಂದು ಕಾಲೇಜನ್ನು ವಿಚಾರಿಸಿದ್ದಾಳೆ. ಆ ದಿನಗಳಲ್ಲಿ ಮಗುವನ್ನು ನೋಡಿಕೊಳ್ಳುವುದು ಯಾರು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಒಂದು ದಿನ ಮನೆಯಿಂದಲೇ ಕೆಲಸ ಮಾಡಲು ಪ್ರದೀಪ ಕಚೇರಿಯಲ್ಲಿ ಕೇಳಿದ್ದಾನೆ, ಉತ್ತರ ಬಂದಿಲ್ಲ. ಮುಂದಿನ ಭೇಟಿಯಲ್ಲಿ ಮಾತನಾಡಬೇಕಾಗಿರುವುದು ಅದನ್ನೇ. ಮೊನ್ನೆ ಫೋನಿನಲ್ಲಿ ದಿನ ಗೊತ್ತುಮಾಡುವಾಗ ಪ್ರದೀಪ ಮಾತಿನ ನಡುವೆ ಒಂದು ಸುದ್ದಿ ಹೇಳಲು ಹೊರಟು, “ಇಲ್ಲ ಮೇಡಂ, ಇದನ್ನು ಸ್ವಾತಿಗೆ ಇನ್ನೂ ಹೇಳಿಲ್ಲ” ಎಂದು ನಿಲ್ಲಿಸಿದ. ನಾನೂ ಕೇಳಲಿಲ್ಲ.