ಸಂಪಾದಕರ ಉತ್ತರ: ಡೀಸೆಲ್ ಕ್ಯಾನಿನೊಳಗಿನ ಕರ

ಅಣ್ಣಿಗೇರಿ ಸಮೀಪದ ಹಳ್ಳಿಯ ರೈತರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ತಮ್ಮ ಟ್ರ್ಯಾಕ್ಟರಿನಿಂದ ಸ್ವಂತ ಹೊಲದ ಜೊತೆಗೆ ನೆರೆಯವರ ಹೊಲಗಳಿಗೂ ಬಾಡಿಗೆಗೆ ರಂಟೆ ಹೊಡೆಯುತ್ತಾರೆ. ಪತ್ರದ ಸಾರ ಇಷ್ಟು: "ಕಚ್ಚಾ ತೈಲ ಏರಿತು ಎಂದು ಟಿವಿಯಲ್ಲಿ ಹೇಳಿದರೆ ಸಾಕು, ಎದೆ ಹೊಡೆದುಕೊಳ್ಳುತ್ತದೆ. ಇಳಿದ ಸುದ್ದಿ ಮಾತ್ರ ನಮ್ಮ ಬಂಕಿನ ತನಕ ಬರುವುದೇ ಇಲ್ಲ. ಸರ್ಕಾರ ಸಬ್ಸಿಡಿ ಕೊಟ್ಟು ಡೀಸೆಲ್ ದರವನ್ನು ಅರ್ಧಕ್ಕೆ ಇಳಿಸಲಿ. ಬಾಡಿಗೆ ಏರಿಸಿದರೆ ನೆರೆಯವರು ಮುಖ ತಿರುಗಿಸುತ್ತಾರೆ, ಏರಿಸದಿದ್ದರೆ ಟ್ರ್ಯಾಕ್ಟರ್ ಸಾಲದ ಕಂತು ನಿಲ್ಲುತ್ತದೆ. ನಾನೇನು ಮಾಡಲಿ?" ಹೆಸರು ಪ್ರಕಟಿಸಬೇಡಿ ಎಂದು ಕೇಳಿಕೊಂಡಿದ್ದಾರೆ.

ಮಾನ್ಯರೇ,

ಏರಿದ ಸುದ್ದಿ ಬರುತ್ತದೆ, ಇಳಿದ ಸುದ್ದಿ ಬರುವುದಿಲ್ಲ ಎಂಬ ನಿಮ್ಮ ಮಾತು ನೂರಕ್ಕೆ ನೂರು ನಿಜ. ಅದಕ್ಕೆ ಲೆಕ್ಕವನ್ನೂ ಕೊಡುತ್ತೇನೆ. ಆದರೆ ಸಬ್ಸಿಡಿಯ ಬೇಡಿಕೆಯನ್ನು ನಾನು ಒಪ್ಪಲಾರೆ. ಡೀಸೆಲ್ ದರವನ್ನು ಸರ್ಕಾರ ತಡೆಹಿಡಿಯುವ ಪದ್ಧತಿ ಕಾಗದದ ಮೇಲೆ 2014ರ ಅಕ್ಟೋಬರಿನಲ್ಲೇ ಮುಗಿಯಿತು. ಪೆಟ್ರೋಲಿನದು 2010ರ ಜೂನ್‌ನಲ್ಲೇ ಮುಗಿದಿತ್ತು. ನೀವು ಬಂಕಿನಿಂದ ತುಂಬಿಸಿಕೊಂಡು ಬರುವ ಡೀಸೆಲ್‌ನಲ್ಲಿ ಸರ್ಕಾರ ಕೊಟ್ಟದ್ದು ಏನೂ ಇಲ್ಲ, ತೆಗೆದುಕೊಂಡದ್ದು ಬಹಳ ಇದೆ. ನಾವು ಕೇಳಬೇಕಾದದ್ದು ಆ ತೆಗೆದುಕೊಂಡದ್ದರ ಲೆಕ್ಕವನ್ನು.

ನೀವು 20 ಲೀಟರಿನ ಕ್ಯಾನ್ ಒಯ್ಯುವುದಾಗಿ ಬರೆದಿದ್ದೀರಿ. ಆ ಕ್ಯಾನನ್ನೇ ಮುಂದಿಟ್ಟುಕೊಳ್ಳೋಣ. 2014ರ ಮಧ್ಯದಲ್ಲಿ ಕಚ್ಚಾ ತೈಲ ಬ್ಯಾರೆಲ್ಲಿಗೆ 100 ಡಾಲರ್ ದಾಟಿತ್ತು. ಆಗ ಒಂದು ಲೀಟರ್ ಡೀಸೆಲ್ ಮೇಲೆ ಕೇಂದ್ರದ ಅಬಕಾರಿ ಸುಂಕ 3 ರೂಪಾಯಿ 56 ಪೈಸೆ. ನಿಮ್ಮ ಕ್ಯಾನಿಗೆ 71 ರೂಪಾಯಿ. ಮುಂದೆ ತೈಲದ ಬೆಲೆ ಕುಸಿಯುತ್ತ ಹೋಗಿ 2016ರ ಜನವರಿಯಲ್ಲಿ 30 ಡಾಲರಿಗಿಂತ ಕೆಳಗೆ ಬಂತು. 2014ರ ನವೆಂಬರಿನಿಂದ ಆ ಜನವರಿಯವರೆಗಿನ ಹದಿನೈದು ತಿಂಗಳಲ್ಲಿ ಕೇಂದ್ರವು ಒಂಬತ್ತು ಸಲ ಸುಂಕ ಏರಿಸಿತು. ಲೀಟರಿಗೆ 17 ರೂಪಾಯಿ 33 ಪೈಸೆ ಆಯಿತು, ಕ್ಯಾನಿಗೆ 346. 2020ರಲ್ಲಿ ಕೊರೊನಾ ಬಂದು ಜಗತ್ತಿನ ವಾಹನಗಳೆಲ್ಲ ನಿಂತಾಗ ತೈಲವನ್ನು ಕೇಳುವವರೇ ಇರಲಿಲ್ಲ. ಆ ಮಾರ್ಚ್ ಮತ್ತು ಮೇ ತಿಂಗಳಲ್ಲಿ ಸುಂಕ ಮತ್ತೆ ಏರಿ 31 ರೂಪಾಯಿ 83 ಪೈಸೆಗೆ ಮುಟ್ಟಿತು. ಅದೇ ಕ್ಯಾನಿನಲ್ಲಿ 636 ರೂಪಾಯಿ! ಇಳಿದ ಬೆಲೆ ನಿಮ್ಮ ಊರಿಗೆ ಯಾಕೆ ಬರಲಿಲ್ಲ ಎಂಬುದಕ್ಕೆ ಇದೇ ಉತ್ತರ. ಅದು ದಾರಿಯಲ್ಲೇ ಖಜಾನೆಗೆ ಇಳಿದುಕೊಂಡಿತು.

ಕೊರೊನಾ ಕಾಲದಲ್ಲಿ ಸರ್ಕಾರಕ್ಕೆ ಬೇರೆ ಆದಾಯ ನಿಂತುಹೋಗಿತ್ತು, ಪಡಿತರಕ್ಕೂ ಔಷಧಕ್ಕೂ ಹಣ ಬೇಕಿತ್ತು. ಇದನ್ನು ನಾನು ಒಪ್ಪುತ್ತೇನೆ. ಹಳೆಯ ಸರ್ಕಾರ ತೈಲ ಕಂಪನಿಗಳಿಗೆ ಹಣದ ಬದಲು ಕೊಟ್ಟ ಸಾಲಪತ್ರಗಳ, ಅಂದರೆ ತೈಲ ಬಾಂಡ್‌ಗಳ ಸಾಲ ತೀರಿಸಬೇಕು ಎಂಬ ಸಮರ್ಥನೆಯನ್ನು ಮಾತ್ರ ಒಪ್ಪಲಾರೆ. ಆ ಬಾಂಡ್‌ಗಳ ಅಸಲು ಸುಮಾರು 1.3 ಲಕ್ಷ ಕೋಟಿ ರೂಪಾಯಿ. 2020–21ರ ಒಂದೇ ವರ್ಷದಲ್ಲಿ ಪೆಟ್ರೋಲಿಯಂ ಉತ್ಪನ್ನಗಳ ಮೇಲಿನ ಅಬಕಾರಿ ಸುಂಕದಿಂದ ಕೇಂದ್ರಕ್ಕೆ ಬಂದದ್ದು 3.7 ಲಕ್ಷ ಕೋಟಿಗೂ ಹೆಚ್ಚು. ಅದರಲ್ಲಿ ಎಲ್ಲ ರಾಜ್ಯಗಳಿಗೂ ಸೇರಿ ಸಿಕ್ಕದ್ದು 20 ಸಾವಿರ ಕೋಟಿಗೂ ಕಡಿಮೆ, ಯಾಕೆಂದರೆ ಸುಂಕದ ಬಹುಪಾಲು ಸೆಸ್ ಮತ್ತು ವಿಶೇಷ ಸುಂಕದ ರೂಪದಲ್ಲಿತ್ತು. ಆ ಹಣವನ್ನು ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಿಲ್ಲ.

ಈಗ ಏರುವ ಕಾಲದ ಕಥೆ. 2017ರ ಜೂನ್ 16ರಿಂದ ದರ ದಿನದಿನವೂ ಮಾರುಕಟ್ಟೆಯಂತೆ ಬದಲಾಗಬೇಕು. ಆದರೆ 2021ರ ನವೆಂಬರಿನಿಂದ 2022ರ ಮಾರ್ಚ್ 22ರವರೆಗೆ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಅದು ಕದಲಲಿಲ್ಲ. ಆ ನಡುವೆ ಉಕ್ರೇನಿನಲ್ಲಿ ಯುದ್ಧ ಶುರುವಾಗಿತ್ತು, ಐದು ರಾಜ್ಯಗಳ ಚುನಾವಣೆಯೂ ನಡೆದಿತ್ತು. ಫಲಿತಾಂಶ ಬಂದ ಮೇಲೆ, ಮಾರ್ಚ್ 22ರಿಂದ ಸುಮಾರು ಎರಡು ವಾರದಲ್ಲಿ ಲೀಟರಿಗೆ 10 ರೂಪಾಯಿ ಏರಿತು. ಆಮೇಲೆ ತೈಲ ಕಂಪನಿಗಳು ಮತ್ತೆ ದರ ಹಿಡಿದು ನಿಂತವು. ಮೊದಲು ನಷ್ಟ ಅನುಭವಿಸಿದವು ನಿಜ, ಆದರೆ ತೈಲ ಇಳಿದ 2023–24ರಲ್ಲಿ ಮೂರು ಸರ್ಕಾರಿ ಕಂಪನಿಗಳು ಒಟ್ಟು ಸುಮಾರು 81,000 ಕೋಟಿ ರೂಪಾಯಿ ಲಾಭ ಮಾಡಿದವು. ನಮಗೆ ಸಿಕ್ಕದ್ದು 2024ರ ಮಾರ್ಚ್‌ನಲ್ಲಿ 2 ರೂಪಾಯಿ.

ರಾಜ್ಯ ಸರ್ಕಾರವನ್ನೂ ಬಿಡಬಾರದು. 2021ರ ನವೆಂಬರಿನಲ್ಲಿ ಕೇಂದ್ರ ಡೀಸೆಲ್ ಸುಂಕವನ್ನು 10 ರೂಪಾಯಿ ಇಳಿಸಿದಾಗ, ನಮ್ಮ ಶಿಗ್ಗಾಂವಿಯಿಂದ ಆರಿಸಿ ಹೋಗಿದ್ದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ರಾಜ್ಯದ ಪಾಲಿನಿಂದಲೂ 7 ರೂಪಾಯಿ ಇಳಿಸಿದರು. ಅದನ್ನು ನೆನೆಯಬೇಕು. ಆದರೆ 2024ರ ಜೂನ್‌ನಲ್ಲಿ ಇಂದಿನ ಸರ್ಕಾರ ಡೀಸೆಲ್ ಮಾರಾಟ ತೆರಿಗೆಯನ್ನು ಶೇ 14.34ರಿಂದ ಶೇ 18.44ಕ್ಕೆ ಏರಿಸಿತು, 2025ರ ಏಪ್ರಿಲ್‌ನಲ್ಲಿ ಶೇ 21.17 ಮಾಡಿತು. ಈ ತೆರಿಗೆ ಬೀಳುವುದು ಕೇಂದ್ರದ ಸುಂಕವೂ ಸೇರಿದ ಮೊತ್ತದ ಮೇಲೆ; ಸುಂಕಕ್ಕೂ ನೀವು ತೆರಿಗೆ ಕಟ್ಟುತ್ತೀರಿ. ಅದು ಶೇಕಡಾ ಲೆಕ್ಕದಲ್ಲಿರುವುದರಿಂದ, ಬಂಕಿನ ದರ ಏರಿದರೆ ಬೆಂಗಳೂರಿನಲ್ಲಿ ಯಾರೂ ಸಹಿ ಹಾಕದೆಯೇ ರಾಜ್ಯದ ಆದಾಯವೂ ಏರುತ್ತದೆ. ಜನರಿಗೆ ಕಷ್ಟ ಬಂದ ದಿನವೇ ಖಜಾನೆಗೆ ಹೆಚ್ಚು ಹಣ ಬರುವ ಈ ವ್ಯವಸ್ಥೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುತ್ತದೆ. ಜಿಎಸ್‌ಟಿಗೆ ಸೇರಿಸಿದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. 2021ರ ಸೆಪ್ಟೆಂಬರಿನಲ್ಲಿ ಲಖನೌದಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಅದಕ್ಕೆ ಕಾಲ ಕೂಡಿಬಂದಿಲ್ಲ ಎಂದಿತು. ಆ ಆಸೆಯನ್ನು ನೆಚ್ಚಿಕೊಂಡು ಕೂರುವುದು ಬೇಡ.

ನಮ್ಮ ನೆಲದ್ದೇ ಒಂದು ಮಾತು. 1980ರ ಜುಲೈ 21ರಂದು ನರಗುಂದ, ನವಲಗುಂದದ ರೈತರು ಬೀದಿಗಿಳಿದದ್ದು ನೀರಾವರಿಯಿಂದ ಜಮೀನಿನ ಬೆಲೆ ಏರಿತೆಂದು ಹಾಕಿದ ಬೆಟರ್‌ಮೆಂಟ್ ಲೆವಿ ಮತ್ತು ನೀರಿನ ಕರದ ವಿರುದ್ಧ. ಆ ಕರ ನೋಟಿಸಿನ ರೂಪದಲ್ಲಿ ಮನೆ ಬಾಗಿಲಿಗೆ ಬಂದಿತ್ತು, ಮೊತ್ತ ಕಣ್ಣಿಗೆ ಕಾಣುತ್ತಿತ್ತು. ನೀರು ಸರಿಯಾಗಿ ಬಾರದ ಹೊಲಕ್ಕೆ ಕರ ಯಾಕೆ ಎಂದು ಕೇಳಿದ್ದಕ್ಕೆ ಗೋಲಿಬಾರ್ ಆಯಿತು, ಜೀವಗಳು ಹೋದವು. ಇಂದು ಅದೇ ಎರೆಹೊಲಗಳ ರೈತರು ಹೆಸರು ಬಿತ್ತುವಾಗ, ಕಡಲೆಗೆ ಹೊಲ ಹದ ಮಾಡುವಾಗ, ಗೋವಿನಜೋಳವನ್ನು ಮಾರುಕಟ್ಟೆಗೆ ಹೇರುವಾಗ ಪ್ರತಿ ಸಲವೂ ಕರ ಕಟ್ಟುತ್ತಾರೆ. ಯಾವ ನೋಟಿಸೂ ಬರುವುದಿಲ್ಲ. ಬಂಕಿನ ರಸೀದಿಯಲ್ಲಿ ಲೀಟರು, ದರ, ಒಟ್ಟು ಮೊತ್ತ ಮಾತ್ರ ಇರುತ್ತದೆ.

ಹಾಗಾದರೆ ಸಬ್ಸಿಡಿ ಯಾಕೆ ಬೇಡ? ಡೀಸೆಲ್ ಎಲ್ಲರಿಗೂ ಅಗ್ಗವಾದರೆ ದಿನಕ್ಕೆ ಹತ್ತು ಲೀಟರ್ ಸುಡುವ ದೊಡ್ಡ ಕಾರಿನವನಿಗೆ ಸಿಗುವುದು ಹೆಚ್ಚು, ಎರಡು ಎಕರೆ ಮಸಾರಿ ಹೊಲದವನಿಗೆ ಸಿಗುವುದು ಕಡಿಮೆ. ಅಗ್ಗದ ಸೀಮೆಎಣ್ಣೆ ಪಡಿತರದಿಂದ ಹೊರಟು ಡೀಸೆಲ್ ಟ್ಯಾಂಕುಗಳಿಗೆ ಕಲಬೆರಕೆಯಾಗಿ ಸೇರುತ್ತಿದ್ದ ಕಾಲವನ್ನು ನೀವೂ ಕಂಡಿದ್ದೀರಿ. ರೈತರಿಗೇ ನೇರವಾಗಿ ಕೊಡಬೇಕೆಂದು 2022ರ ರಾಜ್ಯ ಬಜೆಟ್ಟಿನಲ್ಲಿ ಘೋಷಿಸಿದ ರೈತ ಶಕ್ತಿ ಯೋಜನೆಯ ದಾರಿ ಸರಿಯಾಗಿತ್ತು, ಆದರೆ ಮೊತ್ತ ಎಕರೆಗೆ 250 ರೂಪಾಯಿ, ಅದೂ ಐದು ಎಕರೆಯವರೆಗೆ. ಲೀಟರಿಗೆ 90ರ ದರದಲ್ಲಿ ಅದು ಮೂರು ಲೀಟರೂ ಆಗದು.

ನಾನು ಕೇಳುವುದು ಒಂದು ಲಿಖಿತ ನಿಯಮ. ಕಚ್ಚಾ ತೈಲ ಇಂತಿಷ್ಟು ಡಾಲರ್ ದಾಟಿದರೆ ಸುಂಕ ಇಂತಿಷ್ಟು ಇಳಿಯಬೇಕು, ಕೆಳಗೆ ಬಂದರೆ ಇಂತಿಷ್ಟು ಏರಬಹುದು ಎಂದು ಮೊದಲೇ ಪ್ರಕಟವಾಗಲಿ. ರಾಜ್ಯವು ಶೇಕಡಾ ಲೆಕ್ಕ ಬಿಟ್ಟು ಲೀಟರಿಗೆ ಇಷ್ಟು ರೂಪಾಯಿ ಎಂದು ಗೊತ್ತುಮಾಡಲಿ. ರಸೀದಿಯಲ್ಲಿ ಕೇಂದ್ರದ ಪಾಲು, ರಾಜ್ಯದ ಪಾಲು ಬೇರೆಬೇರೆಯಾಗಿ ಅಚ್ಚಾಗಲಿ. ಇದಕ್ಕೆ ಖಜಾನೆಯಿಂದ ಹಣ ಬೇಕಿಲ್ಲ. ನಿಮ್ಮ ಗ್ರಾಮ ಪಂಚಾಯಿತಿಯ ಮುಂದಿನ ಗ್ರಾಮಸಭೆಯಲ್ಲಿ ಈ ಮೂರನ್ನೂ ಠರಾವು ಮಾಡಿಸಿ ಕಳುಹಿಸಿದರೆ ನಾವು ಪೂರ್ತಿ ಪ್ರಕಟಿಸುತ್ತೇವೆ.

ಉಳಿದದ್ದು ನಿಮ್ಮ ಬಾಡಿಗೆಯ ಪ್ರಶ್ನೆ. ಏರಿಸಿ. ನಷ್ಟದಲ್ಲಿ ರಂಟೆ ಹೊಡೆದು ಕಂತು ತಪ್ಪಿಸಿಕೊಂಡರೆ ಟ್ರ್ಯಾಕ್ಟರೂ ಹೋಗುತ್ತದೆ, ಸುಗ್ಗಿಯ ತನಕ ಉದ್ರಿ ಕೊಡುವ ನಿಮ್ಮಂಥವರು ಇಲ್ಲದೆ ನೆರೆಯವರ ಹೊಲವೂ ಬೀಳು ಬೀಳುತ್ತದೆ. ಆದರೆ ಏರಿಸುವ ಮೊದಲು ನಾಲ್ಕು ಜನರನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಎಕರೆಗೆ ಎಷ್ಟು ಲೀಟರ್ ಖರ್ಚಾಗುತ್ತದೆ ಎಂದು ತೋರಿಸಿ. ಡೀಸೆಲ್ 90 ಇದ್ದರೆ ಎಕರೆಗೆ ಎಷ್ಟು, 95 ಆದರೆ ಎಷ್ಟು, 85ಕ್ಕೆ ಇಳಿದರೆ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ಟ್ರ್ಯಾಕ್ಟರಿನ ಮಡ್‌ಗಾರ್ಡಿಗೆ ಅಂಟಿಸಿ. ಇಳಿದ ದಿನ ಆ ಹಾಳೆಯಂತೆ ನೀವೇ ಕಡಿಮೆ ಎಣಿಸಿಕೊಳ್ಳಿ.